ಚಿನ್ನಿಗೆ ಹಾಕಿದ ಹೊಗೆ

ಮೊದಲು ಕಂಡದ್ದು ಬಾಲ. ಉಸಿರಿಗೊಮ್ಮೆ ಮೇಲೆ ಕೆಳಗೆ ಆಡುತ್ತಿತ್ತು. ಆಮೇಲೆ ಸಣ್ಣ ಸೀನು.

ಚಿನ್ನಿ ನನ್ನ ಕಾಕಟೀಲ್ ಹಕ್ಕಿ. ನಾನು ಕಡ್ಡಿರಾಂಪುರದಲ್ಲಿ ಮನೆಮನೆಗೆ ಹೋಗಿ ಎಳೆಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುವವಳು. ನಾನು ಎರೆದ ಕೂಸುಗಳೇ ದೊಡ್ಡವರಾಗಿ, ಈಗ ತಮ್ಮ ಕೂಸುಗಳನ್ನು ನನ್ನ ಕಾಲ ಮೇಲೆ ಮಲಗಿಸುತ್ತಾರೆ. ಶೀತಕ್ಕೆ ಏನು ಮಾಡಬೇಕೆಂದು ನನಗೆ ಯಾರು ಹೇಳಿಕೊಡಬೇಕು? ಕೆಂಡದ ಮೇಲೆ ಲೋಬಾನ ಉದುರಿಸಿದೆ. ಪಂಜರಕ್ಕೆ ಸೆರಗು ಮುಚ್ಚಿ, ಕೂಸಿಗೆ ಹಿಡಿದಂತೆ ಹೊಗೆ ಹಿಡಿದೆ.

ಸೆರಗು ತೆಗೆದಾಗ ಚಿನ್ನಿ ಪಂಜರದ ತಳದಲ್ಲಿತ್ತು, ಬಾಯಿ ತೆರೆದುಕೊಂಡು.

ಮಗಳು ಗಂಗಾ ಸ್ಕೂಟರ್ ತೆಗೆದಳು. ಹೊಸಪೇಟೆಯವರೆಗೂ ಪಂಜರ ನನ್ನ ತೊಡೆಯ ಮೇಲೆ.

"ಯವ್ವಾ, ಇನ್ನೂ ಐತೇನು?"

"ಸುಮ್ನ ಗಾಡಿ ಹೊಡಿ." ನೋಡಲು ನನಗೆ ಧೈರ್ಯವಿರಲಿಲ್ಲ.

ಡಾಕ್ಟರ್ ಹಕ್ಕಿಯನ್ನು ಮುಟ್ಟಲೇ ಇಲ್ಲ. ಪಂಜರಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗೆ ಆಕ್ಸಿಜನ್ ಪೈಪ್ ಬಿಟ್ಟರು.

"ಮನ್ಯಾಗ ಹೊಗಿ ಏನರ ಆಗಿತ್ತೇನ್ರಿ? ಊದಿನಕಡ್ಡಿ, ಸೊಳ್ಳಿ ಬತ್ತಿ?"

"ಇಲ್ರಿ."

ಗಂಗಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅಷ್ಟು ಕೂಸುಗಳನ್ನು ಎತ್ತಿದ ಕೈ ಒಂದು ಹಕ್ಕಿಯನ್ನು ಕೊಲ್ಲುತ್ತಿದೆ ಎಂದು ಹೇಗೆ ಒಪ್ಪಲಿ? ಸೊಕ್ಕು. ಅದಕ್ಕೆ ಬೇರೆ ಹೆಸರಿಲ್ಲ.

"ಹಂಗಾದ್ರ ಗಂಟಲಾಗ ಕಾಳು ಸಿಕ್ಕಿರಬೇಕು. ಹಿಡಿದು ನೋಡಬೇಕಾಗ್ತದ. ಈಗ ಹಿಡಿದ್ರ ಕೈಯಾಗ ಜೀವ ಹೋದ್ರೂ ಹೋಗಬಹುದು," ಎನ್ನುತ್ತ ಅವರು ಗ್ಲೌಸ್ ಹಾಕಿಕೊಂಡರು.

"ತಡೀರಿ ಸಾರ್. ಲೋಬಾನ ಹಾಕೀನ್ರಿ. ನಾನೇ."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಗ್ಲೌಸ್ ತೆಗೆದು ನೆಬ್ಯುಲೈಸರ್ ಹಚ್ಚಿದರು. "ಹೊಗಿ ಹಾಕುವಾಗ ಇದ ಸೀರಿ ಉಟ್ಟಿದ್ರೇನು? ಅದರಾಗ ಇನ್ನೂ ಹೊಗಿ ಅದ. ಹೊರಗ ಕುಂದ್ರಿ."

ಸಂಜೆವರೆಗೂ ಹೊರಗೆ ಕುಳಿತೆ. ಗಂಗಾ ಒಳಗಿನಿಂದ ಬಂದಾಗಲೆಲ್ಲ ಅವಳ ಮುಖ ನೋಡಿದೆ. ಆಗ ಹೊಕ್ಕ ಯೋಚನೆ ಇನ್ನೂ ಹೋಗಿಲ್ಲ. ಹೊಗೆಗೆ ಕೂಸುಗಳು ಕೆಮ್ಮಿದರೆ "ಕಫ ಬಿಡ್ತು ನೋಡ್ರಿ" ಎಂದು ನಗುತ್ತಿದ್ದೆ. ಆಗ ಅವಕ್ಕೆ ಏನಾಗುತ್ತಿತ್ತೋ. ಹೇಳಲು ಅವಕ್ಕೆ ಮಾತು ಬರುತ್ತಿರಲಿಲ್ಲ.

ಚಿನ್ನಿ ಬದುಕಿತು. ಶ್ವಾಸಕೋಶ ಪೂರಾ ಮೊದಲಿನಂತಾಗುತ್ತದೆಂದು ಡಾಕ್ಟರ್ ಹೇಳಿಲ್ಲ. ನನ್ನನ್ನು ಕಂಡರೆ ಅದು ಮೂಲೆಗೆ ಸರಿಯುತ್ತದೆ.

ನಿನ್ನೆ ಒಂದು ಮನೆಯಲ್ಲಿ ಕೂಸಿಗೆ ಎರೆದ ಮೇಲೆ ಬಾಣಂತಿಯ ಅತ್ತೆ ಕೆಂಡ ತಂದಿಟ್ಟರು. ಹೊಗೆ ಬ್ಯಾಡ್ರಿ ಎಂದು ನಡೆದದ್ದೆಲ್ಲ ಹೇಳಿದೆ. ನಾಳೆಯಿಂದ ಬೇರೆಯವರನ್ನು ಕರೆಸುತ್ತೇವೆ ಎಂದರು.

ಕರೆಸಲಿ. ಅಷ್ಟರಲ್ಲಿ ಕೂಸು ನನ್ನ ಕಾಲ ಮೇಲೆಯೇ ನಿದ್ದೆಹೋಗಿತ್ತು. ಅದರ ಎದೆ ಏರಿ ಇಳಿಯುವುದನ್ನು ನೋಡುತ್ತ ಕುಳಿತೆ.