ಮಗ್ಗದ ಸದ್ದಿಗೆ ಒಂದು ದಿನ

ಮಾತು ಬೆಳ್ಳಿ, ಮೌನ ಬಂಗಾರ ಎಂದು ಹಿರಿಯರು ಹೇಳಿದ್ದಾರೆ. ಹೇಳಿದ ಹಿರಿಯರು ಯಾರೂ ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಮನೆ ಮಾಡಿರಲಿಲ್ಲ. ಅಲ್ಲಿ ಆ ಬಂಗಾರ ಮಾರ್ಟ್‌ಗೇಜ್ ಜೊತೆ ಪುಕ್ಕಟೆಯಾಗಿ ಬರುತ್ತಿತ್ತು. ಇಟ್ಟುಕೊಳ್ಳಲು ಮನೆಯಲ್ಲಿ ಜಾಗ ಸಾಲುತ್ತಿರಲಿಲ್ಲ.

ಮೊನ್ನೆ ಇಲ್ಲಿ ಮೆಲ್ಬರ್ನ್‌ನಲ್ಲಿ ನನ್ನ ಹೆಂಡತಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ಮಶಿನ್ ಎಣ್ಣೆಯ ವಾಸನೆ ಅಡುಗೆಮನೆಯ ಒಗ್ಗರಣೆಯನ್ನೂ ದಾಟಿಕೊಂಡು ನನ್ನ ಕುರ್ಚಿಯವರೆಗೆ ಬಂತು. ಕಾಫಿ ಕೈಯಲ್ಲೇ ಆರಿತು... ಎರಡು ಸಾವಿರದ ದಶಕದ ನಡುವಿನ ವರ್ಷಗಳಲ್ಲಿ, ಕ್ವೇಕರ್ಸ್ ಹಿಲ್‌ನ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು.

ಅವರು ಬನಹಟ್ಟಿಯವರು. ಹೆಂಡತಿ ತೀರಿಕೊಂಡ ಮೇಲೆ, ಶೆಡ್ಡಿನಲ್ಲಿದ್ದ ಪವರ್‌ಲೂಮ್ ಮಗ್ಗಗಳನ್ನು ಮಾರಿ, ಮಗನ ಮನೆಗೆ ಬಂದಿದ್ದರು. ಮೊದಲ ಭೇಟಿಯಲ್ಲಿ ನಾನು ಈ ದೇಶದ ಶಾಸ್ತ್ರದಂತೆ "ನಮಸ್ಕಾರ ಅಂಕಲ್" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಂಕಲ್ ಅಂದ್ರ ಯಾರೋ ಮಂದಿ ಅನಸ್ತದ್ರಿ ಸರ. ಕಾಕಾ ಅನ್ರಿ. ಮತ್ತ ಈ ಕಡಿ ಬಂದು ಅನ್ರಿ, ಎಡಗಿವಿ ಇಲ್ಲ ನನಗ."

ಎಡಗಿವಿಯನ್ನು ಅವರು ಮಗ್ಗಕ್ಕೆ ಎಂದೋ ಕಾಣಿಕೆ ಕೊಟ್ಟುಬಿಟ್ಟಿದ್ದರು. ಬಲಗಿವಿಯೂ ಅದೇ ದಾರಿ ಹಿಡಿದಿದೆ, ಎಷ್ಟು ದಿನವೋ ಹೇಳಲಾಗದು ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಕಿವಿ ತಿಂದ ಸದ್ದನ್ನು ಮನುಷ್ಯ ದ್ವೇಷಿಸಬೇಕು. ಕಾಕಾ ಅದಕ್ಕಾಗಿ ಹಂಬಲಿಸುತ್ತಿದ್ದರು. "ನಿದ್ದಿ ಬರಂಗಿಲ್ರಿ ಸರ. ಹುಟ್ಟಿದಾಗಿಂದ ಮಗ್ಗದ ಸಪ್ಳದಾಗ ಮಲಗಿದಾಂವ. ಇದು ಊರೋ, ದವಾಖಾನಿಯೋ?"

ಸ್ಟೇಷನ್ ಬಳಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯೊಂದಿತ್ತು. ಒಂದೇ ಒಂದು ಬಟ್ಟೆಯೂ ಇಲ್ಲದೆ ಕಾಕಾ ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕಣ್ಣುಮುಚ್ಚಿ ಕೂರುತ್ತಿದ್ದರು. ಸುತ್ತ ಅಷ್ಟೂ ಯಂತ್ರಗಳು ಗಡಗಡಿಸುತ್ತಿದ್ದವು. ಯಾರೋ ಒಬ್ಬ ಭುಜ ಮುಟ್ಟಿ "ಯು ರೈಟ್, ಮೇಟ್?" ಎಂದು ವಿಚಾರಿಸಿದ್ದನಂತೆ. ಕಾಕಾ ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿದರಂತೆ. ಸುದ್ದಿ ಮುಟ್ಟಿದಾಗ ಬೆಂಗಳೂರಿನ ಸೊಸೆಗೆ ಮುಖ ಎತ್ತಲಾಗಲಿಲ್ಲ. "ಮಾವ, ಮನೇಲೇ ವಾಷಿಂಗ್ ಮೆಷಿನ್ ಇದೆಯಲ್ಲ, ಅದರ ಮುಂದೇನೇ ಕೂತ್ಕೊಳ್ಳಿ!" ಎಂದಳು. ಕಾಕಾ ಒಂದು ದಿನ ಕೂತೂ ನೋಡಿದರು. ಒಂಟಿ ಯಂತ್ರದಲ್ಲಿ ದಮ್ಮಿಲ್ಲ ಎಂದು ತೀರ್ಪು ಕೊಟ್ಟರು.

ಆ ವರ್ಷ ಏಪ್ರಿಲ್ ರಜೆಯಲ್ಲಿ ಮಗನ ಸಂಸಾರ ಜಪಾನಿಗೆ ಹೊರಟಿತ್ತು. ಇಬ್ಬರು ಮೊಮ್ಮಕ್ಕಳಿಗೆ ಥೀಮ್ ಪಾರ್ಕು, ಸೊಸೆಗೆ ಚೆರ್ರಿ ಹೂವು, ಮಗನಿಗೆ ಬುಲೆಟ್ ಟ್ರೇನು. ಕಾಕಾ ಲಗೇಜಿನ ಲೆಕ್ಕದಲ್ಲಿದ್ದರು. ನಾನು ಸುಮ್ಮನೆ ಕುತೂಹಲಕ್ಕೆ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಟೋಕಿಯೊದಿಂದ ಎರಡು ಗಂಟೆಯ ರೈಲು ದಾರಿಯಲ್ಲಿ ಕಿರ್ಯೂ ಎಂಬ ನೇಕಾರರ ಊರು ಸಿಕ್ಕಿತು. ಗರಗಸದ ಹಲ್ಲಿನಂಥ ಮಾಡಿನ ಶೆಡ್ಡುಗಳು. ಓಣಿಯಲ್ಲಿ ನಡೆದರೆ ಗೋಡೆಯಾಚೆ ಮಗ್ಗದ ಸದ್ದು ಕೇಳುತ್ತದೆ ಎಂದು ಯಾರೋ ಬರೆದಿದ್ದರು. ಓದಿ ಹೇಳಿದೆ. ಕಾಕಾ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು ಬಲಗಿವಿ ಕೊಟ್ಟರು.

"ಇನ್ನೊಮ್ಮೆ ಓದ್ರಿ."

ಬನಹಟ್ಟಿಗೇ ಹೋಗಿಬರಬಹುದಲ್ಲ ಎಂದು ಕೇಳಿದೆ. "ಊರಾಗ ಬ್ಯಾರೇರ ಮಗ್ಗದ ಮುಂದ ನಿಂತ್ರ, ನೋಡ್ರೋ ಮಾರ್ಕೊಂಡಾಂವ ಬಂದ ಅಂತಾರ. ಜಪಾನದಾಗ ನನ್ನ ಗುರ್ತು ಯಾರಿಗೈತಿ? ಕಿವಿ ಹೋಗೂಕ್ಕಿಂತ ಮೊದ್ಲ ಒಂದ್ ದಿನ ನಿಂತು ಕೇಳಿ ಬರ್ತೀನಿ."

ಹೀಗೆ ಕಿರ್ಯೂ ಉಪಪ್ರವಾಸ ಸಮಿತಿ ಅಸ್ತಿತ್ವಕ್ಕೆ ಬಂತು. ಅವರು ಅಧ್ಯಕ್ಷರು, ನಾನು ಕಾರ್ಯದರ್ಶಿ, ಸದಸ್ಯರು ಯಾರೂ ಇಲ್ಲ. ಸಭೆ ಪ್ರತಿ ಶನಿವಾರ ಅವರ ಗ್ಯಾರೇಜಿನಲ್ಲಿ, ಮಡಚುವ ಕುರ್ಚಿಗಳ ಮೇಲೆ ನಡೆಯುತ್ತಿತ್ತು. ಅಡುಗೆಮನೆ ವಿರೋಧ ಪಕ್ಷದ ವಶದಲ್ಲಿತ್ತು. ಸಭೆಯ ನಡುವೆ ಅಧ್ಯಕ್ಷರು ಎದ್ದು, ಎಣ್ಣೆ ಡಬ್ಬಿ ತೆಗೆದುಕೊಂಡು, ಕಿರುಗುಟ್ಟದ ಕೀಲುಗಳಿಗೂ ಎಣ್ಣೆ ಬಿಡುತ್ತಿದ್ದರು. ನಮ್ಮ ಮನೆಯ ಗೇಟು ಆ ಕಾಲದಲ್ಲಿ ಯಾವ ರಾಜನ ಬಾಗಿಲಿಗೂ ಕಮ್ಮಿಯಿಲ್ಲದಂತೆ ತೆರೆದುಕೊಳ್ಳುತ್ತಿತ್ತು.

ಹಲವು ವಾರಗಳ ಮಾತುಕತೆಯ ಮೇಲೆ ಸೊಸೆ ಒಂದು ಶುಕ್ರವಾರವನ್ನು ಬಿಟ್ಟುಕೊಟ್ಟಳು. ದೊಡ್ಡ ಮೊಮ್ಮಗಳು ಸುಮ್ಮನಿರಲಿಲ್ಲ. "ಅಜ್ಜಾ, ಇಟ್ಸ್ ಜಸ್ಟ್ ಕ್ಲಾತ್!" ಎಂದು ಕೂಗಿದಳು. "ಹೌದವ್ವಾ, ಬರೇ ಬಟ್ಟಿ. ನಿನ್ನ ಆ ಪಾರ್ಕಿನ ಇಲಿನೂ ಅದನ್ನ ಉಟ್ಕೊಂಡೈತಿ," ಎಂದರು ಕಾಕಾ.

ಆಮೇಲೆ ಅವರು ಗ್ಯಾರೇಜಿನ ಗೋಡೆಗೆ ನೇತುಹಾಕಿದ್ದ ಪಂಚಾಂಗದ ಕ್ಯಾಲೆಂಡರ್ ನೋಡಿದರು. ನೋಡಿದವರ ಮುಖ ಕಪ್ಪಿಟ್ಟಿತು. ಆ ಶುಕ್ರವಾರ ಅಮಾವಾಸ್ಯೆ.

ಬನಹಟ್ಟಿಯ ಅವರ ಓಣಿಯಲ್ಲಿ ವಾರಕ್ಕೊಂದು ರಜೆ ಎಂಬುದೇ ಇರಲಿಲ್ಲ. ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ, ಒರೆಸಿ, ಪೂಜೆ ಮಾಡುತ್ತಿದ್ದರು. ಅಜ್ಜನ ಕಾಲದಿಂದ ಹಾಗೆ. ಅಮಾವಾಸ್ಯೆಯ ದಿನ ನೇಕಾರರ ಊರಿಗೆ ಹೋದರೆ ಏನು ಕೇಳಿಸುತ್ತದೆ? ನೊಣ ಹಾರುವುದು ಕೇಳಿಸುತ್ತದೆ. ಇದು ಅವರ ವಾದ. ವಿಷಯ ಜಪಾನಿನದು ಎಂದು ನಾನೇನೋ ಗೊಣಗಿದೆ. "ಮಗ್ಗ ಎಲ್ಲಿದ್ರೂ ಮಗ್ಗರಿ ಸರ," ಎಂದು ಬಾಯಿ ಮುಚ್ಚಿಸಿದರು. ಜಪಾನಿನ ಆಕಾಶದಲ್ಲಿಯೂ ಚಂದ್ರ ಅದೇ ದಿನ ಮಾಯವಾಗುತ್ತಾನಷ್ಟೆ, ನಾನೂ ಒಪ್ಪಿದೆ.

ಕಾಕಾ ಯಾರ ಮುಂದೂ ಬಾಗಿದವರಲ್ಲ. ಅಂದು ಅಡುಗೆಮನೆಗೆ ಹೋಗಿ ಸೊಸೆಯ ಎದುರು ನಿಂತು, ದಿನ ಬದಲಾಯಿಸು ಯವ್ವಾ ಎಂದು ಕೇಳಿಕೊಂಡರು. ಹೋಟೆಲು, ಪಾರ್ಕಿನ ಟಿಕೆಟ್ಟು, ಎಲ್ಲ ಹಿಂದುಮುಂದಾಯಿತು. ಎರಡು ದಿನ ಆ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಕೊನೆಗೆ ಕಿರ್ಯೂ ಭಾನುವಾರಕ್ಕೆ ಹೋಯಿತು. ಅಧ್ಯಕ್ಷರು ಸಭೆಗೆ ಬೆಲ್ಲ ಶೇಂಗಾ ಹಂಚಿದರು.

ಕಾರ್ಯದರ್ಶಿಯ ಕರ್ತವ್ಯ ಎಂದು ನಾನು ಅಲ್ಲಿನ ಒಂದು ನೇಯ್ಗೆ ಶೆಡ್ಡಿಗೆ ಈಮೇಲ್ ಬರೆದೆ. ನಾಲ್ಕಾರು ದಿನಕ್ಕೆ ಬಹಳ ವಿನಯದ ಉತ್ತರ ಬಂತು. ತಾವು ಬರುವುದು ನಮ್ಮ ಭಾಗ್ಯ. ಆದರೆ ಭಾನುವಾರ ಊರಿನ ಮಗ್ಗಗಳಿಗೆ ರಜೆ. ಶುಕ್ರವಾರವಾದರೆ ಎಲ್ಲವೂ ನಡೆಯುತ್ತಿರುತ್ತವೆ.

ಬಲಗಿವಿಯ ಹತ್ತಿರ ಕೂತು ಓದಿ ಹೇಳಿದೆ. ಈ ಸಲ ಇನ್ನೊಮ್ಮೆ ಓದಿ ಎನ್ನಲಿಲ್ಲ.

"ಭಾನುವಾರ ಯಾರರ ಮಗ್ಗ ನಿಲ್ಲಸ್ತಾರೇನ್ರಿ..." ಎಂದಷ್ಟೇ ಅಂದು, ಬಹಳ ಹೊತ್ತು ಬೀದಿ ನೋಡಿದರು. ಬೀದಿಯಲ್ಲಿ ಏನೂ ಇರಲಿಲ್ಲ. ಆಮೇಲೆ ನನ್ನ ಕೈ ಹಿಡಿದರು. "ಸೊಸಿಗೆ ಹೇಳಬ್ಯಾಡ್ರಿ. ಒಮ್ಮೆ ಕೇಳೀನಿ. ಮತ್ತ ಯಾವ ಮಾರಿ ಹೊತ್ಕೊಂಡು ಕೇಳ್ಲಿ?"

ಅದೇ ತಿಂಗಳು ನನ್ನ ಕೆಲಸ ಮೆಲ್ಬರ್ನಿಗೆ ಬದಲಾಯಿತು. ಭಾನುವಾರಗಳಲ್ಲಿ ಫೋನ್ ಮಾಡುತ್ತಿದ್ದೆ. ಕಾಕಾ ರಿಸೀವರನ್ನು ಬಲಗಿವಿಗೆ ಒತ್ತಿಕೊಂಡು, ಮೆಲ್ಬರ್ನಿಗೆ ನೇರವಾಗಿಯೇ ಕೇಳಿಸುವಂತೆ ಕೂಗುತ್ತಿದ್ದರು. ಕಿರ್ಯೂ ಹೆಸರು ಎತ್ತುತ್ತಿರಲಿಲ್ಲ. ನನ್ನ ಮೌನವ್ರತ ಕೆಲವು ವಾರ ನಡೆಯಿತು. ಒಂದು ದಿನ ಫೋನು ಸೊಸೆ ಎತ್ತಿಕೊಂಡಳು, ಹೇಳಿಬಿಟ್ಟೆ.

"ನಂಗ್ಯಾಕೆ ಹೇಳ್ಲಿಲ್ಲ ಅವ್ರು? ನಾನೇನು ರಾಕ್ಷಸೀನಾ?" ಎಂದಳು. "ಬೈತೀನಿ, ನಿಜ. ಬೈದ್ರೇನು, ಚೇಂಜ್ ಮಾಡಲ್ವಾ?"

ಮರುದಿನವೇ ಟ್ರಾವೆಲ್ ಏಜೆಂಟನ್ನು ಹಿಡಿದು, ತನ್ನ ಚೆರ್ರಿ ಹೂವಿನ ದಿನವನ್ನು ಭಾನುವಾರದ ಜಾಗಕ್ಕೆ ದೂಡಿ, ಸೋಮವಾರವನ್ನು ಮಾವನ ಹೆಸರಿಗೆ ಬರೆದಳು. ಕಾಕಾ ನನಗೆ ಫೋನ್ ಮಾಡಿ "ಗದ್ದಾರ!" ಎಂದು ಕೂಗಿ, ನಕ್ಕು, ಇಟ್ಟರು. ಅವರು ಫೋನಿನಲ್ಲಿ ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಮಾರ್ಚ್‌ನ ಒಂದು ಬೆಳಗ್ಗೆ ಕಾಕಾ ಎದ್ದು ಬಂದು, "ಹುಡುಗ್ರು ಸಾಲಿಗೆ ಹ್ವಾದ್ರೇನು, ಮನಿ ಎಷ್ಟ್ ತಣ್ಣಗೈತಿ," ಎಂದರಂತೆ. ಮೊಮ್ಮಕ್ಕಳಿಬ್ಬರೂ ಎದುರಿಗೇ ಊಟದ ಡಬ್ಬಿಗಾಗಿ ಕಿತ್ತಾಡುತ್ತಾ ಅರಚುತ್ತಿದ್ದರು. ಬಲಗಿವಿ ಒಂದು ರಾತ್ರಿಯಲ್ಲಿ ಹೋಗಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಕಿವಿಗೆ ಯಂತ್ರ ಇಟ್ಟು ನೋಡಿದರು. ಏನೂ ಹಿಂದಿರುಗಲಿಲ್ಲ.

ನಾನು ಸಿಡ್ನಿಗೆ ಹೋದೆ. ಸೊಸೆ ಮಕ್ಕಳ ಬಿಳಿ ಹಲಗೆಯನ್ನು ಅವರ ಮುಂದಿಟ್ಟಿದ್ದಳು. ಟಿಕೆಟ್ ಇದೆ, ಸೋಮವಾರ ಇದೆ, ಹೋಗೋಣ ಮಾವ ಎಂದು ಬರೆದಳು. ಗೋಡೆ ಮುಟ್ಟಿದರೆ ಕೈಗೆ ತಿಳಿಯುತ್ತದೆ ಎಂದೂ ಬರೆದಳು. ಕಾಕಾ ಓದಿ ನಕ್ಕರು.

"ವಾಸನಿ ಮ್ಯಾಲೆ ಮದುವಿ ಊಟಾ ಮಾಡಂತೀಯಾ ಯವ್ವಾ? ಬ್ಯಾಡ. ಹುಡುಗ್ರ ಪಾರ್ಕಿಗೆ ಇನ್ನೊಂದು ದಿನ ಆತು." ತಮ್ಮ ದನಿ ತಮಗೇ ಕೇಳದೆ, ಮನೆ ತುಂಬ ಗಟ್ಟಿಯಾಗಿ ಹೇಳಿದರು. ಸೊಸೆ ಹಲಗೆ ಒರೆಸುತ್ತಲೇ ಇದ್ದಳು, ಅದರ ಮೇಲೆ ಒರೆಸಲು ಏನೂ ಉಳಿದಿರಲಿಲ್ಲ.

ನಾನು ಪೆನ್ನು ಹಿಡಿದೆ. ಊಟ ಆಯ್ತಾ ಎಂದು ಬರೆದೆ. ಆಯ್ತು ಎಂದರು.

ಆಮೇಲೆ ಫೋನ್ ಮಾಡಿದರೆ ಸೊಸೆಯೇ ಮಾತಾಡುತ್ತಿದ್ದಳು. "ಚೆನ್ನಾಗಿದಾರೆ, ನೀವು ಕೇಳಿದ್ರಿ ಅಂತ ಹೇಳ್ತೀನಿ," ಎನ್ನುತ್ತಿದ್ದಳು. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೆ... ಕೇಳಿಸದವರೊಂದಿಗೆ ದೂರದಿಂದ ನಂಟು ಇಟ್ಟುಕೊಳ್ಳುವುದು ಹೇಗೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಇಂದು ಹೆಂಡತಿಯ ಯಂತ್ರ ಸರಾಗವಾಗಿ ಓಡುತ್ತಿದೆ. ಕಾಕಾ ತೀರಿಹೋಗಿ ಎಷ್ಟೋ ವರ್ಷವಾಯಿತು. ಆ ಸೋಮವಾರ ಮೊಮ್ಮಕ್ಕಳೊಂದಿಗೆ ಅವರೂ ಪಾರ್ಕಿಗೆ ಹೋಗಿದ್ದರು. ಕಿರ್ಯೂಗೆ ಯಾರೂ ಹೋಗಲಿಲ್ಲ.