ಜೇಬಕ್ಕ ಪುಟಕ್ಕೆ ಹಾಕದ ಚೀಟಿ

ಬೆಳಗಿನ ಐದೂವರೆ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಯಂತ್ರಗಳು ಇನ್ನೂ ತಣ್ಣಗಿವೆ. ಬಟ್ಟೆರಾಶಿಯ ಮುಂದೆ ಐವತ್ತೆರಡರ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು, ಒಂದೊಂದೇ ಜೇಬನ್ನು ಒಳಗು ಹೊರಗು ಮಾಡಿ ಕೊಡವುತ್ತಿದ್ದಾರೆ. ಒಂದು ಗುಂಡಿ, ಮುರಿದ ಬಾಚಣಿಗೆ, ಒಂಟಿ ಬೀಗದ ಕೈ. "ಒಂದು ಪೆನ್ನು ಕಣ್ತಪ್ಪಿದ್ರೆ ಮುಗೀತು, ಇಪ್ಪತ್ತು ಅಂಗಿ ನೀಲಿ," ಎನ್ನುತ್ತಾರೆ.

ದಿನಕ್ಕೆ ನೂರೈವತ್ತು ಬಟ್ಟೆ, ಹೆಚ್ಚೂಕಡಿಮೆ ಮುನ್ನೂರು ಜೇಬು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಕಥೆ ಬರೆಯುವವರ ಪಾಲಿಗೆ ಮಾತ್ರ ಇವರು ಜೇಬಕ್ಕ. ಜೇಬುಗಳಲ್ಲಿ ಸಿಕ್ಕಿದ್ದರಲ್ಲಿ ಒಂದನ್ನು ಆರಿಸಿ, ತಂಗಿಯ ಮಗಳು ಮಾಡಿಕೊಟ್ಟ ಅಂತರ್ಜಾಲದ ಪುಟಕ್ಕೆ ಏಳು ಗಂಟೆಗೆ ಹಾಕುತ್ತಾರೆ. ಏನು ಬರೆಯುವುದೆಂದು ತಲೆ ಕೆರೆದುಕೊಳ್ಳುವ ಎರಡು ಸಾವಿರ ಜನ ಅದನ್ನೇ ಹಿಡಿದು ಕಥೆ ಕಟ್ಟುತ್ತಾರೆ. ನಾನೂ ಅವರಲ್ಲೊಬ್ಬ. ಎಷ್ಟೋ ಸಲ ಅವರ ಗುಂಡಿಯೇ ನನ್ನ ಮಾನ ಉಳಿಸಿದೆ.

ನೀವೂ ಬರೆಯುತ್ತೀರಾ ಎಂದರೆ ನಗುತ್ತಾರೆ. "ಅಯ್ಯೋ, ಅರ್ಧ ಇಸ್ತ್ರಿ ಮಾಡಿದ ಅಂಗಿ ಬಿಟ್ಟು ಹೋದ್ರೇ ನಂಗೆ ನಿದ್ದೆ ಬರಲ್ಲ. ಅರ್ಧ ಕಥೆ ಇಟ್ಕೊಂಡು ನೀವೆಲ್ಲ ಹೇಗೆ ಮಲಗ್ತೀರೋ!"

ಕಳೆದ ವರ್ಷ ಒಂದು ಎಡವಟ್ಟಾಯಿತು. ಅದನ್ನು ನನಗೆ ಹೇಳುವ ಮೊದಲು, "ಇದು ನಮ್ಮಲ್ಲಿ ಬಟ್ಟೆ ಕೊಡ್ತಿದ್ದ ಮೇಷ್ಟ್ರ ವಿಷಯ, ಅವರನ್ನ ಕೇಳ್ಕೊಂಡು ಬನ್ನಿ," ಎಂದು ನನ್ನನ್ನು ವಾಪಸು ಕಳಿಸಿದ್ದರು. ಮೇಷ್ಟ್ರು ಹೂಂ ಅಂದ ಮೇಲೇ ಹೇಳಿದ್ದು. ಆ ಮೇಷ್ಟ್ರ ಕೋಟಿನಲ್ಲಿ ಸಿಕ್ಕ ಚೀಟಿಯ ಫೋಟೊವನ್ನು ಜೇಬಕ್ಕ ಹಾಗೇ ಪುಟಕ್ಕೆ ಹಾಕಿಬಿಟ್ಟಿದ್ದರು: 'ಆಪರೇಷನ್ ವಿಷಯ ಇವತ್ತಾದರೂ ಅವಳಿಗೆ ಹೇಳಬೇಕು.' ನಲವತ್ತು ಕಥೆ ಬಂದವು. ಮೇಷ್ಟ್ರ ಹೆಂಡತಿಯೂ ಆ ಪುಟ ಓದುತ್ತಿದ್ದರು. ಗಂಡನ ಅಕ್ಷರದ ಗುರುತು ಹಿಡಿದರು. ಮರುದಿನ ಮೇಷ್ಟ್ರು ಬಂದು, "ನಂಬಿ ಬಟ್ಟೆ ಕೊಟ್ಟಿದ್ದೆ ಕಣಮ್ಮ," ಅಂದವರು ಮತ್ತೆ ಆ ಕಡೆ ತಲೆಹಾಕಲಿಲ್ಲ. ಇನ್ನೊಂದು ದೂರು ಬಂದರೆ ಕೆಲಸವಿಲ್ಲ ಎಂದರು ಮಾಲೀಕರು.

"ಬೈದಿದ್ರೆ ತಡ್ಕೋತಿದ್ದೆ. ಬೈಲೇ ಇಲ್ಲ ನೋಡಿ," ಎನ್ನುವಾಗ ಅವರ ದನಿ ಈಗಲೂ ಸಣ್ಣಗಾಗುತ್ತದೆ.

ಅಂದಿನಿಂದ ಸಿಕ್ಕಿದ್ದೆಲ್ಲ ಮೊದಲು ಬಟ್ಟೆ ಕೊಟ್ಟವರ ಕೈಗೆ. ಅವರು ಹೂಂ ಅಂದರಷ್ಟೇ ಪುಟಕ್ಕೆ. ವಾರಕ್ಕೆ ಎರಡು ದಿನವಾದರೂ ಪುಟ ಖಾಲಿ ಹೊಡೆಯುತ್ತದೆ, ಓದುಗರು ಗೊಣಗುತ್ತಾರೆ. ಗೊಣಗಲಿ ಬಿಡಿ, ಎನ್ನುತ್ತಾರೆ ಜೇಬಕ್ಕ. ನನಗಂತೂ ಈ ಹೆಂಗಸಿನ ಮೇಲೆ ಗೌರವ ಹುಟ್ಟಿದ್ದೇ ಆ ಖಾಲಿ ದಿನಗಳಿಂದ.

ಹೋದ ವಾರ ಮೇಷ್ಟ್ರ ಹೆಂಡತಿ ಅದೇ ಕೋಟು ಹಿಡಿದುಕೊಂಡು ಬಂದರು. "ಆಪರೇಷನ್ ಚೆನ್ನಾಗಾಯ್ತು. ಒಳಜೇಬು ನೋಡೋದು ಮರೀಬೇಡಿ," ಎಂದು ಹೇಳಿ ಹೋದರು. ಒಳಜೇಬಿನಲ್ಲಿ ಮೇಷ್ಟ್ರ ಚೀಟಿಯಿತ್ತು. ಜೇಬಕ್ಕ ಅದನ್ನು ಮಡಚಿ ಹಿಡಿದು ನನಗೆ ಕೊನೆಯ ಸಾಲನ್ನಷ್ಟೇ ತೋರಿಸುತ್ತಾರೆ: 'ಬೇಕಾದರೆ ಇದನ್ನೂ ಹಾಕಿ.'

ಏಳು ಹೊಡೆಯುತ್ತಿದೆ. ಇವತ್ತಿಗೆ ಬೇರೆ ಯಾರ ಒಪ್ಪಿಗೆಯೂ ಸಿಕ್ಕಿಲ್ಲ, ಪುಟ ಖಾಲಿ. ಇದನ್ನೇ ಹಾಕಬಹುದಲ್ಲ ಎನ್ನುತ್ತೇನೆ. ಅವರು ಚೀಟಿಯನ್ನು ತಮ್ಮ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಯಂತ್ರದ ಬಾಗಿಲು ಮುಚ್ಚುತ್ತಾರೆ.

"ಇಲ್ಲ ರೀ. ಬರೆಯೋರಿಗೆ ನಾಳೆ ಬೇರೆ ಸಿಗುತ್ತೆ. ಇದು ನಂಗೆ ಬಂದಿರೋ ಕಾಗದ."