ತಾನೇ ತಿರುಗುವ ರೊಟ್ಟಿಮಣೆ

ಮುಂಬಯಿಯ ಕುರ್ಲಾದ ನಮ್ಮ ಚಾಳಿನಲ್ಲಿ ಅಣವೀರಪ್ಪನಷ್ಟು ಕಡಿಮೆ ಮಾತಿನ ಗಂಡಸು ಇನ್ನೊಬ್ಬನಿಲ್ಲ. ವಿಜಯಪುರದ ಕಡೆಯವನು, ವರ್ಕ್‌ಶಾಪಿನಲ್ಲಿ ಫಿಟ್ಟರ್. ಮನೆಗೆ ಬಂದರೂ ಅವನ ಕೈ ಸುಮ್ಮನಿರುವುದಿಲ್ಲ. ಒಮ್ಮೆ ನನ್ನ ಮಿಕ್ಸರ್ ಬಿಚ್ಚಿ, ಮತ್ತೆ ಜೋಡಿಸಿ, ಉಳಿದ ಎರಡು ಸ್ಕ್ರೂ ನನ್ನ ಕೈಗಿಟ್ಟು, "ಇವು ಬೇಕಾಗಿರಲಿಲ್ಲ ಬಿಡ್ರಿ, ಶೈಲಕ್ಕಾ" ಎಂದ ಪುಣ್ಯಾತ್ಮ. ಮಿಕ್ಸರ್ ಇವತ್ತಿಗೂ ತಿರುಗುತ್ತಿದೆ. ಹಾಗಾಗಿ ಬೈಯುವುದಕ್ಕೂ ಆಗಿಲ್ಲ.

ಅವನ ಹೆಂಡತಿ ರಾಚವ್ವ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಒಂದು ಕೈಯಿಂದ ಬಡಿದು ಇನ್ನೊಂದರಿಂದ ತಿರುಗಿಸಿ ತಿರುಗಿಸಿ ಅವಳ ಮಣಿಕಟ್ಟು ಊದಿಕೊಂಡಿತು. ಅಣವೀರಪ್ಪ ಮಣೆಯ ಕೆಳಗೆ ಸ್ಪ್ರಿಂಗ್ ಕೂಡಿಸಿದ. ಒಂದೊಂದು ಪೆಟ್ಟಿಗೂ ಮಣೆ ಚೂರು ಕುಸಿದು, ಏಳುವಾಗ ತಾನೇ ಚೂರು ತಿರುಗುತ್ತಿತ್ತು. ಎಲ್ಲರ ಕೈಗೂ ಒಗ್ಗುತ್ತದೆಯೋ ಎಂದು ನೋಡಲು ಗುಜರಿ ಕಬ್ಬಿಣದಲ್ಲೇ ಇನ್ನೂ ಹತ್ತಾರು ಮಣೆ ಮಾಡಿಟ್ಟ.

"ಇದಕ್ಕ ಪೇಟೆಂಟ್ ತಗೋಬೇಕ್ರಿ" ಎಂದ ನನ್ನ ಹತ್ತಿರ. "ವರ್ಕ್‌ಶಾಪಿನ್ಯಾಗ ನಾ ಏನ ಮಾಡಿದ್ರೂ ಮಾಲಕನ ಹೆಸರ ಬೀಳ್ತೈತಿ. ಒಂದರ ನನ್ನ ಹೆಸರೀಲೆ ಇರ್ಲಿ."

ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ನನ್ನ ಅಕ್ಕನ ಮಗಳು ಸ್ನೇಹಲ್ ಪೇಟೆಂಟ್ ವಕೀಲರ ಆಫೀಸಿನಲ್ಲಿದ್ದಾಳೆ. ಭಾನುವಾರ ಅವಳನ್ನು ಮುಲುಂಡಿನಿಂದ ಅಣವೀರಪ್ಪನ ಮನೆಗೆ ಕರೆಸಿದೆ. ಸುದ್ದಿ ತಿಳಿದು ಎದುರುಮನೆಯ ಸೋಮವ್ವ ತನ್ನ ಶೇಂಗಾ ಚಟ್ನಿಯನ್ನೂ ಹಿಡಿದು ಬಂದಳು. ಅಜ್ಜಿಯ ಕಾಲದಿಂದ ಎಲ್ಲರಿಗೂ ಗೊತ್ತಿರುವುದಕ್ಕೆ ಪೇಟೆಂಟ್ ಕೊಡುವುದಿಲ್ಲವೆಂದು ಸ್ನೇಹಲ್ ಅವಳನ್ನು ಸಮಾಧಾನಪಡಿಸಿ, ಚಟ್ನಿಯನ್ನು ಮಾತ್ರ ಇಟ್ಟುಕೊಂಡಳು.

ಮಣೆಯನ್ನು ತಿರುಗಿಸಿ ನೋಡಿ ಅವಳ ಮುಖ ಅರಳಿತು. ಆಮೇಲೆ ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದಳು, "ಕಾಕಾ, ಇದು ಪೈಲೆ ಯಾರಿಗಾದ್ರೂ ತೋರಿಸಿದ್ರಿ ಕಾ? ಅರ್ಜಿ ಹಾಕೋ ತನಕ ಹೊರಗೆ ಗೊತ್ತಾಗಬಾರದು."

ಅಣವೀರಪ್ಪ ಹೆಂಡತಿಯ ಮುಖ ನೋಡಿದ. ರಾಚವ್ವನಿಗೆ ಮುಚ್ಚಿಡುವುದು ಗೊತ್ತಿಲ್ಲ. "ಎಲ್ಲಾರ ಮನ್ಯಾಗೂ ಐತೆವ್ವಾ. ಸಂಕ್ರಾಂತಿ ಅರಿಷಿಣ-ಕುಂಕುಮಕ್ಕ ಬಂದ ಹೆಣ್ಮಕ್ಕಳಿಗೆಲ್ಲಾ ಹಬ್ಬದ ಉಡುಗೊರಿ ಅಂತ ಅದನ್ನ ವಾಣ ಕೊಟ್ಟೆ. ಎಲ್ಲಾರೂ ಪ್ಲಾಸ್ಟಿಕ್ ಡಬ್ಬಿ ಕೊಡ್ತಾರ, ನಂದರ ಉಪಯೋಗಕ್ಕ ಬರ್ಲಿ ಅಂತ."

"ಯಾರಿಗೂ ಹೇಳಬೇಡಿ ಅಂತ ಹೇಳಿದ್ರಾ?"

"ಗುಟ್ಟ ಮಾಡಿ ಕೊಟ್ರ ಅದು ವಾಣ ಹ್ಯಾಂಗಾಗ್ತೈತಿ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಊರಿಗೆಲ್ಲ ಹಂಚಿದ ಮೇಲೆ ಕಾಯದೆಯ ಲೆಕ್ಕದಲ್ಲಿ ಅದು ಹೊಸದಲ್ಲವಂತೆ. ಪಾಪ, ಅಣವೀರಪ್ಪ ಹೆಂಡತಿಯ ಮೇಲೆ ರೇಗಲೂ ಇಲ್ಲ. ಮಣೆಯನ್ನು ತನ್ನತ್ತ ಎಳೆದುಕೊಂಡು ಅದರ ಮೇಲಿನ ಹಿಟ್ಟು ಒರೆಸತೊಡಗಿದ.

ಆಗ ಸ್ನೇಹಲ್ ಮಣೆಯ ಪಕ್ಕದಲ್ಲಿದ್ದ, ಕಾಲ್ಬೆರಳಿನಿಂದ ಒತ್ತಿ ಅದನ್ನು ನಿಲ್ಲಿಸುವ ಲಿವರ್ ಮುಟ್ಟಿ, ಇದೂ ವಾಣದಲ್ಲಿ ಹೋಗಿದೆಯೇ ಎಂದಳು. ಹೋಗಿರಲಿಲ್ಲ. ರೊಟ್ಟಿ ಎತ್ತುವಾಗ ಮಣೆ ಅಲ್ಲಾಡಿ ರೊಟ್ಟಿ ಹರಿಯುತ್ತಿತ್ತು. ಹಬ್ಬ ಮುಗಿದ ಮೇಲೆ ರಾಚವ್ವ ಹಳೇ ಸೀರೆಯ ಅಂಚನ್ನು ಮಣೆಗೆ ಕಟ್ಟಿ, ಇನ್ನೊಂದು ತುದಿಯನ್ನು ಕಾಲ್ಬೆರಳಿಗೆ ಸುತ್ತಿ, ಜಗ್ಗಿ ನಿಲ್ಲಿಸತೊಡಗಿದ್ದಳು. ಅದನ್ನು ನೋಡಿ ಅವನು ಲಿವರ್ ಮಾಡಿದ್ದ. ಅದು ಚಾಳಿನ ಬೇರೆ ಯಾವ ಮಣೆಯಲ್ಲೂ ಇರಲಿಲ್ಲ.

"ಇದಕ್ಕೆ ಹಾಕಬಹುದು. ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ, ಅವರು ಪರೀಕ್ಷೆ ಮಾಡ್ತಾರೆ" ಎಂದಳು ಸ್ನೇಹಲ್. "ಇದು ಹೊಳೆದದ್ದು ಯಾರಿಗೆ, ಕಾಕಾ? ಶೋಧಕರು ಅಂತ ಅವರದೇ ಹೆಸರು ಬರೀಬೇಕು."

ಲಿವರ್ ಮಾಡಿದ್ದು ಅವನು. 'ನನಗ' ಎಂದುಬಿಟ್ಟಿದ್ದರೆ ಅಲ್ಲಿ ಬೇಡವೆನ್ನುವವರು ಯಾರೂ ಇರಲಿಲ್ಲ.

"ರಾಚವ್ವ" ಎಂದ ಅಣವೀರಪ್ಪ.

ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಹೆಂಡತಿಯ ಹೆಸರನ್ನು ನಾನು ಕೇಳಿರಲಿಲ್ಲ. 'ಇಕಿ' ಎನ್ನುವುದಷ್ಟೇ ಅವನಿಗೆ ಗೊತ್ತು.

"ನೀವ ಮಾಡೀರಲ್ರೀ, ನಿಮ್ಮ ಹೆಸರ ಬರಸ್ರಿ" ಎಂದಳು ಅವಳು, ಗಾಬರಿಯಾಗಿ.

"ಮಾಡಿದಾವ ನಾ. ಹೊಳದದ್ದು ನಿನಗ." ಅವನು ಸ್ನೇಹಲ್ ಕಡೆ ತಿರುಗಿದ. "ಬರಕೋ ತಂಗಿ. ರಾಚವ್ವ."

ರಾಚವ್ವ ಸೆರಗು ಮುಂದಕ್ಕೆಳೆದುಕೊಂಡು ಒಲೆಯ ಕಡೆ ತಿರುಗಿದಳು. ಒಲೆಯ ಮೇಲೆ ಏನೂ ಇರಲಿಲ್ಲ.